ಪೈಪಿನ ತೂತು: ಅರ್ಧ ಮಿಲ್ಲಿಮೀಟರಿನ ಬೆಲೆ

ನನ್ನ ಅಡಿಕೆ ತೋಟಕ್ಕೆ ಹನಿ ನೀರಾವರಿ ಹಾಕಿದ್ದು 2019ರಲ್ಲಿ. ಕೂಲಿ ಉಳಿಸುವ ಆಸೆಯಿಂದ 63 ಮಿ.ಮೀ.ನ ಪಿವಿಸಿ ಸಬ್‌ಮೇನಿಗೆ ತೂತು ಕೊರೆಯುವ ಕೆಲಸ ನಾನೇ ಮಾಡಿದೆ. ಒಟ್ಟು 120 ತೂತು, ಒಂದೇ ದಿನದಲ್ಲಿ ಮುಗಿಯಿತು. ಸಂಜೆ ನೀರು ಬಿಟ್ಟಾಗ ಹದಿನೈದು ಕಡೆ ಸೋರಿಕೆ. 'ಸ್ವಲ್ಪ ತಾನೇ' ಎಂದು ಮಣ್ಣು ಮುಚ್ಚಿಬಿಟ್ಟೆ.

ಏಪ್ರಿಲಿನಲ್ಲಿ ಬಾವಿ ತಳ ಕಂಡಾಗ ಬುದ್ಧಿ ಬಂತು. ಕೆಳಗಿನ ಸಾಲಿನ ಗಿಡಗಳ ಸೋಗೆ ಜೋತುಬಿದ್ದಿತ್ತು. ಮಣ್ಣು ಅಗೆದು ಒಂದು ಸೋರಿಕೆಗೆ ಬಕೆಟ್ ಹಿಡಿದೆ. ಹತ್ತು ಲೀಟರ್ ತುಂಬಲು ಇಪ್ಪತ್ತು ನಿಮಿಷ ಸಾಕಾಯಿತು. ಎಂದರೆ ಗಂಟೆಗೆ 30 ಲೀಟರ್, ನಾಲ್ಕು ಲೀಟರಿನ ಏಳೆಂಟು ಡ್ರಿಪ್ಪರುಗಳ ನೀರು! ಅಂಥವು ಹದಿನೈದು. ತಪ್ಪು ಪೈಪಿನದ್ದಲ್ಲ, ಗ್ರಾಮೆಟ್ಟಿನದ್ದೂ ಅಲ್ಲ, ನಾನು ಕೊರೆದ ತೂತಿನದ್ದು.

ತೂತು ಏಕೆ ಕೆಡುತ್ತದೆ?

ಪೇಟೆಯಲ್ಲಿ ಸಿಗುವ ಸಾಮಾನ್ಯ ಡ್ರಿಲ್ ಬಿಟ್ಟು ಕಬ್ಬಿಣಕ್ಕೆಂದು ಮಾಡಿದ್ದು. ಅದರ ಅಂಚು ಬಹಳ ಚೂಪು. ಪ್ಲಾಸ್ಟಿಕ್ಕಿಗೆ ಹಿಡಿದರೆ ಕೊರೆಯುತ್ತಾ ಹೋಗುವುದಿಲ್ಲ, ಸ್ಕ್ರೂವಿನಂತೆ ತಾನೇ ಒಳಗೆ ನುಗ್ಗುತ್ತದೆ. ತೂತು ಬೀಳುವ ಕಡೇ ಗಳಿಗೆಯಲ್ಲಿ 'ಟಕ್' ಎಂದು ಎಳೆದು ಅಂಚು ಒಡೆಯುತ್ತದೆ. ಬಿಸಿಲಲ್ಲಿ ವರ್ಷಗಟ್ಟಲೆ ಬಿದ್ದ ಹಳೇ ಪಿವಿಸಿಯಾದರೆ ಸೀಳೇ ಬಿಡುತ್ತದೆ.

ಎರಡನೆಯದು ಬಿಸಿ. ಡ್ರಿಲ್ಲರನ್ನು ಪೂರ್ತಿ ವೇಗದಲ್ಲಿ ಬಿಟ್ಟರೆ ಪ್ಲಾಸ್ಟಿಕ್ ಕರಗಿ ಬಿಟ್ಟಿಗೆ ಮೆತ್ತಿಕೊಳ್ಳುತ್ತದೆ, ತೂತು ಒರಟಾಗುತ್ತದೆ. ಮೂರನೆಯದು ಕೈ ಅಲುಗುವುದು. ಪೈಪು ಉರುಟು ನೋಡಿ, ಬಿಟ್ಟು ಜಾರಿ ತೂತು ಮೊಟ್ಟೆಯಾಕಾರ ಆಗುತ್ತದೆ. ದುಂಡಗಿನ ಗ್ರಾಮೆಟ್ ಅದರಲ್ಲಿ ಸರಿಯಾಗಿ ಕೂರುವುದು ಹೇಗೆ?

ಕಪ್ಪು ಪಾಲಿಥಿನ್ ಪೈಪಿನದ್ದು ಬೇರೆಯೇ ಕಥೆ. ಅದು ಮೆದು, ಬಿಟ್ಟು ಹೊರಗೆ ಬಂದಮೇಲೆ ತೂತು ಸ್ವಲ್ಪ ಕುಗ್ಗುತ್ತದೆ. ಹಾಗಾಗಿ ಬಿಟ್ಟಿನ ಅಳತೆಯೇ ತೂತಿನ ಅಳತೆ ಎಂದು ನಂಬುವಂತಿಲ್ಲ.

ನಾನೀಗ ಮಾಡುವ ಕ್ರಮ

1. ಮೊದಲು ಗ್ರಾಮೆಟ್ಟಿನ ನಡುವಿನ ತೋಡನ್ನು ವರ್ನಿಯರಿನಲ್ಲಿ ಅಳೆಯುತ್ತೇನೆ. ಬೇಕಾದ ತೂತು ಅಷ್ಟೇ, ಹೊರಗಿನ ಅಂಚಿನ ಅಳತೆಯಲ್ಲ. ಬೇರೆ ಬೇರೆ ಕಂಪೆನಿಯದ್ದು ಒಂದೇ ಅಳತೆ ಇರುತ್ತದೆಂದು ತಿಳಿಯಬೇಡಿ.

2. ಬಿಟ್ಟಿನ ಎರಡೂ ಕೊಯ್ಯುವ ಅಂಚುಗಳ ಮುಂಭಾಗವನ್ನು, ಬಿಟ್ಟಿನ ಉದ್ದಕ್ಕೆ ಸಮನಾಗಿ ಹಿಡಿದು, ಸಾಣೆಕಲ್ಲಿನಲ್ಲಿ ನಾಲ್ಕೈದು ಸಲ ಉಜ್ಜುತ್ತೇನೆ. ಕೂದಲೆಳೆಯಷ್ಟು ಚಪ್ಪಟೆಯಾದರೆ ಸಾಕು. ಆಮೇಲೆ ಅದು ನುಗ್ಗುವುದಿಲ್ಲ, ಹೆರೆಯುತ್ತದೆ. ಈ ಬಿಟ್ಟನ್ನು ಪ್ಲಾಸ್ಟಿಕ್ಕಿಗೆಂದೇ ಬೇರೆ ಇಡಿ. ಬಡಗಿಗಳು ಬಳಸುವ, ನಡುವೆ ಮುಳ್ಳಿರುವ ಮರದ ಬಿಟ್ಟು ಕೂಡ ಒಳ್ಳೆಯದು. ಮುಳ್ಳು ಜಾರಲು ಬಿಡುವುದಿಲ್ಲ, ಅಂಚು ನಯವಾಗಿ ಬರುತ್ತದೆ.

3. ಪಿವಿಸಿ ಪೈಪಿನ ಮೇಲೆ ಉದ್ದಕ್ಕೆ ಅಚ್ಚಾದ ಅಕ್ಷರಗಳ ಸಾಲು ಇರುತ್ತದಲ್ಲ, ಅದನ್ನೇ ಗೆರೆಯಾಗಿ ಇಟ್ಟುಕೊಳ್ಳಿ. ತೂತುಗಳೆಲ್ಲ ಒಂದೇ ನೇರಕ್ಕೆ ಬರುತ್ತವೆ. ಗುರುತು ಮಾಡಿದಲ್ಲಿ ಮೊಳೆಯ ತುದಿಯಿಂದ ಸಣ್ಣ ಕುಳಿ ಮಾಡಿ.

4. ಪೈಪು ಉರುಳದಂತೆ ಎರಡು ಮರದ ತುಂಡುಗಳ ನಡುವೆ ಇಡಿ. ಸಾಮಾನ್ಯ ಬಿಟ್ಟಾದರೆ ಮೊದಲು 3 ಮಿ.ಮೀ.ನಲ್ಲಿ ದಾರಿ ಮಾಡಿ, ನಂತರ ನೇರ ಬೇಕಾದ ಅಳತೆಗೆ ಹೋಗಿ. ನಾನು ಮೊದಲು 6, 8, 10 ಎಂದು ಹಿಗ್ಗಿಸುತ್ತಾ ಹೋದೆ. ಅದು ತಪ್ಪು. ತೂತು ದೊಡ್ಡದಿದ್ದಷ್ಟೂ ಬಿಟ್ಟಿನ ಅಂಚು ಮಾತ್ರ ಕಚ್ಚಿ ಎಳೆಯುತ್ತದೆ.

5. ಬಿಟ್ಟಿಗೆ ಹಳೇ ಪೈಪಿನ ತುಂಡು ತೊಡಿಸಿ, ಬೆರಳಗಲ ಮಾತ್ರ ಹೊರಗೆ ಕಾಣುವಂತೆ ಮಾಡಿ. ಎದುರಿನ ಗೋಡೆಗೆ ತಾಗುವ ಭಯವಿಲ್ಲ.

6. ವೇಗ ಕಡಿಮೆ, ಒತ್ತಡ ಹಗುರ. ನಡುನಡುವೆ ಬಿಟ್ಟು ಹೊರಗೆಳೆದು ಹುಡಿ ಕೊಡವಿ. ಕರೆಂಟಿನ ಡ್ರಿಲ್ಲರಾದರೆ ನೀರಿರುವ ಪೈಪಿಗೆ ಹಿಡಿಯಲೇಬೇಡಿ.

7. ಅಂಚಿನ ಎಳೆಗಳನ್ನು ಚೂರಿಯಿಂದ ಹೆರೆಯಿರಿ. ಆದರೆ ತೂತು ಹಿಗ್ಗಬಾರದು.

ಎಲ್ಲಕ್ಕಿಂತ ಮುಖ್ಯ: ಮೊದಲ ತೂತನ್ನು ನಿಜವಾದ ಪೈಪಿಗೆ ಕೊರೆಯಬೇಡಿ. ಅದೇ ಪೈಪಿನ ತುಂಡೊಂದರಲ್ಲಿ ಕೊರೆದು ಗ್ರಾಮೆಟ್ ಹಾಕಿ ನೋಡಿ. ಸೋಪು ನೀರು ಹಚ್ಚಿ ಹೆಬ್ಬೆರಳಲ್ಲಿ ಒತ್ತಿದರೆ ಕೂರಬೇಕು. ತಾನಾಗಿ ಒಳಗೆ ಜಾರಿದರೆ ತೂತು ದೊಡ್ಡದು. ನಾನು ಈ ಹತ್ತು ನಿಮಿಷ ಉಳಿಸಲು ಹೋಗಿ ಒಂದು ಬೇಸಿಗೆಯ ನೀರು ಕಳಕೊಂಡೆ.

ತೂತೇ ಡ್ರಿಪ್ಪರ್ ಆದರೆ

ಕೆಲವರು ಡ್ರಿಪ್ಪರ್ ಇಲ್ಲದೆ ಪೈಪಿಗೆ ಸಣ್ಣ ತೂತು ಮಾಡಿ ನೀರು ಬಿಡುವುದುಂಟು. ಅಲ್ಲಿ ಅಳತೆ ಇನ್ನೂ ಮುಖ್ಯ. ಅಡ್ಡಳತೆ ಎರಡು ಪಟ್ಟಾದರೆ ನೀರು ನಾಲ್ಕು ಪಟ್ಟು. ತೂತಿಗಿಂತ ಒಂದು ಮೀಟರ್ ಎತ್ತರದಲ್ಲಿ ನೀರಿದ್ದರೆ 1 ಮಿ.ಮೀ. ತೂತಿನಲ್ಲಿ ಗಂಟೆಗೆ ಸುಮಾರು ಏಳೂವರೆ ಲೀಟರ್ ಹೋಗುತ್ತದೆ. ಒಂದೂವರೆ ಮಿ.ಮೀ. ಆದರೆ 17 ಲೀಟರ್, ಎರಡಾದರೆ 30 ಲೀಟರ್. ಕಾಯಿಸಿದ ಮೊಳೆಯಿಂದ ಚುಚ್ಚಿದ ತೂತು ಒಂದಿದ್ದಂತೆ ಇನ್ನೊಂದಿರುವುದಿಲ್ಲ. ಮೇಲಿನ ಗಿಡ ಕುಡಿದು ತೇಗುತ್ತದೆ, ಕೆಳಗಿನದ್ದು ಒಣಗುತ್ತದೆ. ಮೆದು ಲ್ಯಾಟರಲ್ ಪೈಪಿಗೆ ಮೊಳೆಯೂ ಬೇಡ, ಡ್ರಿಲ್ಲರೂ ಬೇಡ, ಉರುಟು ತುಂಡು ಕತ್ತರಿಸಿ ತೆಗೆಯುವ ಪಂಚ್ ಒಳ್ಳೆಯದು.

ಕೊನೆಗೊಂದು ಮಾತು. ಕೊರೆದ ಹುಡಿ ಪೈಪಿನೊಳಗೇ ಉಳಿದಿರುತ್ತದೆ. ಎಂಡ್‌ಕ್ಯಾಪ್ ಹಾಕುವ ಮೊದಲು ಪೈಪಿನ ತುದಿ ತೆರೆದಿಟ್ಟು ಜೋರಾಗಿ ನೀರು ಹಾಯಿಸಿ. ಇಲ್ಲದಿದ್ದರೆ ಅದೇ ಹುಡಿ ಡ್ರಿಪ್ಪರಿಗೆ ಹೋಗಿ ಕೂರುತ್ತದೆ. ಮತ್ತೆ ಸೋರುವುದಿಲ್ಲವೆಂದು ಕಣ್ಣಾರೆ ನೋಡುವ ತನಕ ಮಣ್ಣು ಮುಚ್ಚಬೇಡಿ.

ಮರುವರ್ಷ ಆ ಹದಿನೈದು ಕಡೆ ಪೈಪು ಕತ್ತರಿಸಿ, ಕಪ್ಲಿಂಗ್ ಹಾಕಿ ಸರಿಮಾಡಿದೆ. ಕೆಳಗಿನ ಸಾಲಿಗೂ ಈಗ ನೀರು ಮುಟ್ಟುತ್ತಿದೆ. ಇದಕ್ಕಿಂತ ಸುಲಭದ ಉಪಾಯ ಕಂಡುಕೊಂಡವರಿದ್ದರೆ ದಯವಿಟ್ಟು ಬರೆಯಿರಿ, ನನಗೂ ಕಲಿಯಲಿಕ್ಕಿದೆ.