ಯೀಸ್ಟ್ ಮಾಡುವ ಮದ್ದು

ಅಕ್ಕಂದಿರೇ, ಸಕ್ಕರೆ ಕಾಯಿಲೆಯ ಹೆಸರು ಕೇಳದವರು ನಮ್ಮಲ್ಲಿ ಯಾರಿದ್ದಾರೆ? ಮಂಗಳೂರಿನ ಬೋಳಾರಕ್ಕೆ ಹೋಗಿ, ಉರ್ವಕ್ಕೆ ಹೋಗಿ, ಈ ಕಾಯಿಲೆ ಇರುವವರು ಸಿಗುತ್ತಾರೆ. ಕೆಲವರು ಮಾತ್ರೆ ನುಂಗುತ್ತಾರೆ. ಕೆಲವರು ದಿನಾಲೂ ಇನ್ಸುಲಿನ್ ಚುಚ್ಚಿಕೊಳ್ಳುತ್ತಾರೆ. ಈ ಇನ್ಸುಲಿನ್ ಅಂದರೆ ಏನು? ಅದನ್ನು ಮಾಡುವುದು ಯಾರು? ಬನ್ನಿ, ಓದಿ ತಿಳಿಯೋಣ.

ದೇಹದೊಳಗಿನ ಕಾರ್ಖಾನೆ

ನಮ್ಮ ದೇಹ ಜೀವಕೋಶಗಳಿಂದ ಆಗಿದೆ. ಅವು ಬರಿಗಣ್ಣಿಗೆ ಕಾಣದಷ್ಟು ಸಣ್ಣವು. ಒಂದೊಂದು ಕೋಶವೂ ಒಂದು ಪುಟ್ಟ ಕಾರ್ಖಾನೆ ಇದ್ದ ಹಾಗೆ. ಜಠರದ ಹಿಂದೆ ಮೇದೋಜೀರಕ ಎಂಬ ಗ್ರಂಥಿ ಉಂಟು. ಅದರ ಕೆಲವು ಕೋಶಗಳು ಇನ್ಸುಲಿನ್ ಮಾಡುತ್ತವೆ. ನಾವು ಉಂಡ ಮೇಲೆ ರಕ್ತಕ್ಕೆ ಸಕ್ಕರೆ ಸೇರುತ್ತದೆ. ಆ ಸಕ್ಕರೆ ದೇಹಕ್ಕೆ ಸರಿಯಾಗಿ ದಕ್ಕಬೇಕಾದರೆ ಇನ್ಸುಲಿನ್ ಬೇಕು. ಇಲ್ಲದಿದ್ದರೆ ಸಕ್ಕರೆ ರಕ್ತದಲ್ಲೇ ಉಳಿಯುತ್ತದೆ. ಅದೇ ಸಕ್ಕರೆ ಕಾಯಿಲೆ.

ನಾವು ಮಲ್ಲಿಗೆ, ಅಬ್ಬಲಿಗೆ ಸೇರಿಸಿ ಮಾಲೆ ಕಟ್ಟುತ್ತೇವೆ ಅಲ್ವಾ? ಇನ್ಸುಲಿನ್ ಕೂಡ ಅಂಥ ಮಾಲೆಯೇ. ಅದರಲ್ಲಿ 51 ಹೂಗಳು ಅಂತ ತಿಳಿಯಿರಿ. 21 ಹೂಗಳ ಒಂದು ಎಳೆ, 30 ಹೂಗಳ ಇನ್ನೊಂದು ಎಳೆ. ಎರಡೂ ಒಂದಕ್ಕೊಂದು ಸೇರಿಕೊಂಡಿವೆ. ಯಾವ ಹೂವಿನ ನಂತರ ಯಾವ ಹೂ ಎಂಬುದಕ್ಕೆ ಕ್ರಮ ಉಂಟು. ಆ ಕ್ರಮ ಕೋಶದ ಒಳಗೇ ಬರೆದಿದೆ. ಆ ಬರಹಕ್ಕೆ ಇರುವುದು ನಾಲ್ಕೇ ಅಕ್ಷರ! ಕೋಶ ಅದನ್ನು ಓದುತ್ತದೆ, ಮಾಲೆ ಕಟ್ಟುತ್ತದೆ.

ಪ್ರಾಣಿಯಿಂದ ಯೀಸ್ಟಿಗೆ

1921ರಲ್ಲಿ ಕೆನಡಾ ದೇಶದ ಟೊರೊಂಟೊದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಎಂಬವರು ಪ್ರಾಣಿಗಳ ಮೇದೋಜೀರಕದಿಂದ ಇನ್ಸುಲಿನ್ ತೆಗೆದರು. 1922ರಲ್ಲಿ ಅದನ್ನು 14 ವರ್ಷದ ಒಬ್ಬ ಹುಡುಗನಿಗೆ ಕೊಟ್ಟರು. ಸಾವಿನ ಬಾಗಿಲಲ್ಲಿದ್ದ ಹುಡುಗ ಚೇತರಿಸಿಕೊಂಡ. ಆಮೇಲೆ ಎಷ್ಟೋ ವರ್ಷ ದನ, ಹಂದಿಗಳಿಂದಲೇ ಇನ್ಸುಲಿನ್ ಬರುತ್ತಿತ್ತು. ಹಂದಿಯ ಮಾಲೆಗೂ ನಮ್ಮ ಮಾಲೆಗೂ ಒಂದೇ ಹೂವಿನ ವ್ಯತ್ಯಾಸ. ಹಾಗಾಗಿ ಅದು ನಮ್ಮ ದೇಹದಲ್ಲೂ ಕೆಲಸ ಮಾಡಿತು.

1978ರಲ್ಲಿ ಅಮೆರಿಕದ ವಿಜ್ಞಾನಿಗಳು ಹೊಸ ದಾರಿ ಹುಡುಕಿದರು. ಮನುಷ್ಯರ ಇನ್ಸುಲಿನ್ನಿನ ಬರಹವನ್ನು ಬ್ಯಾಕ್ಟೀರಿಯದ ಕೋಶದೊಳಗೆ ಸೇರಿಸಿದರು. ಬ್ಯಾಕ್ಟೀರಿಯ ಆ ಬರಹ ಓದಿ ಮಾಲೆಯ ಎಳೆಗಳನ್ನು ಮಾಡಿಕೊಟ್ಟಿತು! 1982ರಲ್ಲಿ ಈ ಇನ್ಸುಲಿನ್ ಮಾರಾಟಕ್ಕೆ ಒಪ್ಪಿಗೆ ಸಿಕ್ಕಿತು.

ಯೀಸ್ಟಿಗೂ ಈ ಕೆಲಸ ಕಲಿಸಬಹುದು. ಯೀಸ್ಟ್ ನಮಗೆ ಹೊಸತಲ್ಲ. ಮಂಗಳೂರಿನ ಕೆಲವು ಮನೆಗಳಲ್ಲಿ ಹಿಟ್ಟಿಗೆ ಕಳ್ಳು ಬೆರೆಸಿ ಸಾನ್ನಾ ಮಾಡುತ್ತಾರೆ. ಹಿಟ್ಟು ಉಬ್ಬುವುದು ಕಳ್ಳಿನಲ್ಲಿರುವ ಯೀಸ್ಟಿನಿಂದ. ಅದು ಒಂದೇ ಕೋಶದ ಜೀವ.

ನಮ್ಮ ಬೆಂಗಳೂರಿನಲ್ಲಿ 1978ರಲ್ಲಿ ಕಿರಣ್ ಮಜುಂದಾರ್ ಷಾ ಎಂಬ ಹೆಣ್ಣುಮಗಳು ಬಯೋಕಾನ್ ಕಂಪನಿ ಶುರು ಮಾಡಿದರು. ಮೊದಲು ಅಲ್ಲಿ ಪಪ್ಪಾಯಿಯಿಂದ, ಮೀನಿನ ಗಾಳಿಚೀಲದಿಂದ ಉಪಯೋಗದ ವಸ್ತುಗಳನ್ನು ತೆಗೆಯುತ್ತಿದ್ದರು. 2004ರಲ್ಲಿ ಅದೇ ಕಂಪನಿ ಯೀಸ್ಟಿನಿಂದ ಮಾಡಿದ ಇನ್ಸುಲಿನ್ ಮಾರಾಟಕ್ಕೆ ತಂದಿತು. ಇನ್ಸುಲಿನ್ನಿನ ಬರಹ ಸೇರಿಸಿದ ಯೀಸ್ಟನ್ನು ದೊಡ್ಡ ಉಕ್ಕಿನ ತೊಟ್ಟಿಗಳಲ್ಲಿ ಬೆಳೆಸುತ್ತಾರೆ. ಆಹಾರ, ಗಾಳಿ, ಹದವಾದ ಬಿಸಿ ಕೊಡುತ್ತಾರೆ. ಕೊನೆಗೆ ಇನ್ಸುಲಿನ್ ಒಂದನ್ನೇ ಬೇರೆ ಮಾಡಿ ಶುದ್ಧಗೊಳಿಸುತ್ತಾರೆ.

ನಾವು ತಿಳಿದಿರಬೇಕಾದ್ದು

ಇನ್ಸುಲಿನನ್ನು ಯಾಕೆ ನುಂಗುವುದಿಲ್ಲ? ನುಂಗಿದರೆ ಹೊಟ್ಟೆ ಆ ಮಾಲೆಯನ್ನು ಅನ್ನ, ಬೇಳೆಯ ಹಾಗೆ ಜೀರ್ಣ ಮಾಡಿಬಿಡುತ್ತದೆ. ಅದಕ್ಕೇ ಚುಚ್ಚಬೇಕು.

ಬಿಸಿಲಿಗೆ ಇಟ್ಟರೆ ಇನ್ಸುಲಿನ್ ಕೆಡುತ್ತದೆ. ಬೆಂದ ಮೊಟ್ಟೆ ಮತ್ತೆ ಹಸಿಯಾಗುತ್ತದಾ? ಇಲ್ಲ. ಕೆಟ್ಟ ಇನ್ಸುಲಿನ್ ಕೂಡ ಹಾಗೇ. ಫ್ರಿಜ್ಜಿನಲ್ಲಿ ಇಡಬಹುದು, ಐಸ್ ಆಗುವ ಜಾಗದಲ್ಲಿ ಇಡಬಾರದು. ಫ್ರಿಜ್ ಇಲ್ಲದಿದ್ದರೆ ಡಬ್ಬಿಯಲ್ಲಿ ಭದ್ರವಾಗಿ ಮುಚ್ಚಿ, ನೀರಿರುವ ಮಣ್ಣಿನ ಮಡಕೆಯೊಳಗೆ ತಂಪಾಗಿ ಇಡಬಹುದು.

ಎಲ್ಲಕ್ಕಿಂತ ಮುಖ್ಯ, ಅಂಕಿ ಓದುವುದು. ಬಾಟ್ಲಿಯ ಮೇಲಿನ ಮಾತು ಇಂಗ್ಲಿಷಿನಲ್ಲಿ ಇದ್ದರೂ ಅಂಕಿ ನಮಗೆ ಗೊತ್ತು. 40 ಎಂದು ಬರೆದ ಬಾಟ್ಲಿ ಉಂಟು, 100 ಎಂದು ಬರೆದದ್ದೂ ಉಂಟು. ಸಿರಿಂಜಿನ ಮೇಲೂ ಅದೇ ಅಂಕಿ ಇರಬೇಕು. 40ರ ಸಿರಿಂಜಿಗೆ ಸಾಮಾನ್ಯವಾಗಿ ಕೆಂಪು ಮುಚ್ಚಳ, 100ರದ್ದಕ್ಕೆ ಕಿತ್ತಳೆ ಬಣ್ಣದ ಮುಚ್ಚಳ. 100ರ ಬಾಟ್ಲಿಯಿಂದ 40ರ ಸಿರಿಂಜಿನಲ್ಲಿ 10ರ ಗೆರೆಯವರೆಗೆ ಎಳೆದರೆ, ದೇಹಕ್ಕೆ ಹೋಗುವುದು 10 ಅಲ್ಲ, 25! ಸಕ್ಕರೆ ಒಮ್ಮೆಲೇ ಇಳಿದು ಜೀವಕ್ಕೇ ಅಪಾಯ. ಮುಗಿಯುವ ತಾರೀಕನ್ನೂ ನೋಡಿ. ಸಂಶಯ ಬಂದರೆ ವೆನ್ಲಾಕ್ ಆಸ್ಪತ್ರೆಯಲ್ಲೋ ಹತ್ತಿರದ ಆರೋಗ್ಯ ಕೇಂದ್ರದಲ್ಲೋ ಕೇಳಿ. ಕೇಳಲು ನಾಚಿಕೆ ಬೇಡ. ನಮ್ಮಷ್ಟಕ್ಕೆ ನಾವೇ ಇನ್ಸುಲಿನ್ ನಿಲ್ಲಿಸುವುದೂ ಬೇಡ.

ಓದಲು ಕಲಿತ ನಾವು ಈ ಅಂಕಿಗಳನ್ನು ಮನೆಯವರಿಗೂ ಓದಿ ಹೇಳೋಣ.

ಮಾತಾಡೋಣ, ಬರೆಯೋಣ

1. ಇನ್ಸುಲಿನ್ ಮಾಲೆಯಲ್ಲಿ ಎಷ್ಟು ಹೂಗಳು?
2. ಇನ್ಸುಲಿನನ್ನು ಬಿಸಿಲಿಗೆ ಯಾಕೆ ಇಡಬಾರದು?
3. ನಿಮ್ಮ ಮನೆಯಲ್ಲಿ, ನೆರೆಮನೆಯಲ್ಲಿ ಇನ್ಸುಲಿನ್ ಬಾಟ್ಲಿ ಇದ್ದರೆ ಅದರ ಮೇಲಿನ ಅಂಕಿ ಮತ್ತು ತಾರೀಕು ಓದಿ. ಪುಸ್ತಕದಲ್ಲಿ ಬರೆದುಕೊಂಡು ಬನ್ನಿ.