ಮಧುಮೇಹವೂ ಕಿವಿ, ಮೂಗು, ಗಂಟಲುಗಳ ಆರೋಗ್ಯವೂ

ಕೆಲವು ತಿಂಗಳ ಹಿಂದೆ ಸಂಪಿಗೆ ರಸ್ತೆಯಲ್ಲಿ ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳು ಎದುರಾದಳು. "ಟೀಚರ್, ಅತ್ತೆಯವರಿಗೆ ಹತ್ತು ದಿನದಿಂದ ಕಿವಿನೋವು, ರಾತ್ರಿ ನಿದ್ರೆಯಿಲ್ಲ. ಎಣ್ಣೆ ಕಾಯಿಸಿ ಬಿಟ್ಟರೂ ಇಳಿಯಲಿಲ್ಲ" ಎಂದಳು. ಅವರಿಗೆ ಸಕ್ಕರೆ ಕಾಯಿಲೆಯುಂಟೇ ಎಂದು ನಾವು ಕೇಳಲು, "ಇಪ್ಪತ್ತು ವರ್ಷದಿಂದ ಉಂಟು, ಕಿವಿಗೂ ಅದಕ್ಕೂ ಏನು ಸಂಬಂಧ?" ಎಂದಳು. ಆ ಪ್ರಶ್ನೆಯೇ ಈ ಪಾಠಕ್ಕೆ ಕಾರಣವಾಯಿತು.

ರಕ್ತದಲ್ಲಿ ಸಕ್ಕರೆಯು ಬಹುಕಾಲ ಹೆಚ್ಚಾಗಿದ್ದರೆ ಸೂಕ್ಷ್ಮ ರಕ್ತನಾಳಗಳೂ ನರಗಳೂ ಕೆಡುವುವು. ರೋಗಾಣುಗಳನ್ನು ಎದುರಿಸುವ ಬಿಳಿಯ ರಕ್ತಕಣಗಳ ಶಕ್ತಿಯೂ ಕುಗ್ಗುವುದು. ಕಣ್ಣು, ಪಾದ, ಮೂತ್ರಪಿಂಡಗಳಿಗೆ ಇದರಿಂದಾಗುವ ಹಾನಿಯನ್ನು ಅನೇಕರು ಬಲ್ಲರು. ಕಿವಿ, ಮೂಗು, ಗಂಟಲುಗಳನ್ನು ಮಾತ್ರ ಮರೆಯುವರು.

ಕಿವಿ: ಒಳಗಿವಿಯಲ್ಲಿ ಶಂಖದಂತೆ ಸುತ್ತಿಕೊಂಡಿರುವ ಭಾಗವು ಅತಿ ಸಣ್ಣ ರಕ್ತನಾಳಗಳಿಂದ ಪೋಷಣೆ ಪಡೆಯುತ್ತದೆ. ಅವು ಕೆಟ್ಟರೆ ಶ್ರವಣಶಕ್ತಿಯು ಮೆಲ್ಲಮೆಲ್ಲನೆ ಕುಂದುವುದು. ಮಧುಮೇಹಿಗಳಲ್ಲಿ ಕಿವಿಮಾಂದ್ಯವು ಇತರರಿಗಿಂತ ಸುಮಾರು ಎರಡರಷ್ಟು ಹೆಚ್ಚೆಂದು 2008ರಲ್ಲಿ ಅಮೆರಿಕೆಯಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಆದಕಾರಣ, ಕರೆದರೂ ಓಗೊಡದ ಹಿರಿಯರನ್ನು ಹಟಮಾರಿಗಳೆಂದು ಜರೆಯುವ ಮೊದಲು ಅವರ ಕಿವಿಯನ್ನು ಪರೀಕ್ಷೆ ಮಾಡಿಸಬೇಕು. ಇದಲ್ಲದೆ, ವಯಸ್ಸಾದ ಮಧುಮೇಹಿಗಳಲ್ಲಿ ಹೊರಗಿವಿಯ ಸೋಂಕು ತಲೆಬುರುಡೆಯ ಎಲುಬಿಗೂ ಇಳಿಯಬಹುದು. ರಾತ್ರಿ ಹೆಚ್ಚುವ ತೀವ್ರ ನೋವು, ಕಿವಿಸೋರಿಕೆ, ಬಾಯಿ ಸೊಟ್ಟಗಾಗುವುದು ಇದರ ಲಕ್ಷಣಗಳು.

ಮೂಗು: 2021ರ ಬೇಸಗೆಯಲ್ಲಿ ಕೋವಿಡ್ ಬೆನ್ನಿಗೆ ಬಂದ 'ಕಪ್ಪು ಶಿಲೀಂಧ್ರ' ರೋಗವನ್ನು ನಮ್ಮ ನಗರವು ಮರೆಯಲಾರದು. ಅಂದು ಬೌರಿಂಗ್ ಆಸ್ಪತ್ರೆಯಲ್ಲಿ ಇದಕ್ಕೆ ವಿಶೇಷ ಚಿಕಿತ್ಸೆಯ ಏರ್ಪಾಡಾಗಿತ್ತು. ಹತೋಟಿ ತಪ್ಪಿದ ಮಧುಮೇಹವೂ, ಸಕ್ಕರೆಯನ್ನು ಏರಿಸುವ ಸ್ಟೀರಾಯ್ಡ್ ಔಷಧಗಳೂ ಅದಕ್ಕೆ ದಾರಿಮಾಡಿದ್ದುವು. ಈ ಶಿಲೀಂಧ್ರವು ಮೂಗಿನಿಂದ ಕಣ್ಣಿಗೂ ಮಿದುಳಿಗೂ ವ್ಯಾಪಿಸಬಲ್ಲದು. ಮುಖದ ಒಂದೇ ಪಕ್ಕದಲ್ಲಿ ನೋವು ಅಥವಾ ಊತ, ಮೂಗಿನಲ್ಲಿ ಕಪ್ಪು ಹಕ್ಕಳೆ, ಒಂದು ವಸ್ತು ಎರಡಾಗಿ ಕಾಣುವುದು, ಇವುಗಳಲ್ಲಿ ಒಂದು ಕಂಡರೂ ಒಂದು ದಿನವೂ ತಡೆಯಬಾರದು.

ಗಂಟಲು: ಬಾಯಿ ಒಣಗುವುದು, ನಾಲಿಗೆಯ ಮೇಲೆ ಬಿಳಿಯ ಅಗ್ರ ಕಟ್ಟುವುದು, ವಸಡು ಕೀವಾಗುವುದು ಮಧುಮೇಹಿಗಳಲ್ಲಿ ಸಾಮಾನ್ಯ. ಹುಳುಕು ಹಲ್ಲಿನ ಕೀವು ಕುತ್ತಿಗೆಯ ಆಳಕ್ಕೆ ಇಳಿದರೆ ಉಸಿರಾಟಕ್ಕೇ ಅಪಾಯ. ದವಡೆಯ ಕೆಳಗೆ ಊತವಾಗಿ ನುಂಗಲು ಕಷ್ಟವಾದರೆ ಕೂಡಲೆ ಆಸ್ಪತ್ರೆಗೆ ಹೋಗಬೇಕು.

ಮನೆಯಲ್ಲಿ ಆಚರಿಸತಕ್ಕ ನಿಯಮಗಳು:
1. ಕಿವಿಗೆ ಹೇರ್‌ಪಿನ್ನು, ಬೆಂಕಿಕಡ್ಡಿ, ಕಾಯಿಸಿದ ಎಣ್ಣೆ ಇವುಗಳನ್ನು ಹಾಕಬಾರದು.
2. ದಿನಕ್ಕೆ ಎರಡು ಬಾರಿ ಹಲ್ಲುಜ್ಜಬೇಕು. ಕಟ್ಟಿಸಿದ ಹಲ್ಲನ್ನು ರಾತ್ರಿ ತೆಗೆದಿಡಬೇಕು.
3. ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ತಿಳಿಸುವ ರಕ್ತಪರೀಕ್ಷೆಯನ್ನು ವೈದ್ಯರು ಹೇಳಿದ ಕಾಲಕ್ಕೆ ಮಾಡಿಸಬೇಕು.
4. ಯಾವ ವೈದ್ಯರ ಬಳಿಗೆ ಹೋದರೂ, "ಸಕ್ಕರೆ ಕಾಯಿಲೆ ಉಂಟು" ಎಂದು ಮೊದಲು ಹೇಳಬೇಕು.

ಆ ಅತ್ತೆಯವರನ್ನು ಅಂದೇ ಸಂಜೆ ಆಸ್ಪತ್ರೆಗೆ ಕರೆದೊಯ್ದರು. ಸೋಂಕು ಎಲುಬನ್ನು ಮುಟ್ಟಿತ್ತು. ಆರು ವಾರಗಳ ಚಿಕಿತ್ಸೆಯಿಂದ ಗುಣವಾಯಿತು. ಸೊಸೆಯು ಎಣ್ಣೆ ಬಿಟ್ಟದ್ದಕ್ಕೆ ಬಹಳ ನೊಂದುಕೊಂಡಳು. ಅವಳಿಗೆ ಶರೀರಶಾಸ್ತ್ರವನ್ನು ಬೋಧಿಸಿದವರು ನಾವೇ. ಇದನ್ನು ಮಾತ್ರ ಹೇಳಿಕೊಟ್ಟಿರಲಿಲ್ಲ. ತಡವಾದರೂ ಆ ಕೊರತೆಯನ್ನು ಇಲ್ಲಿ ತುಂಬಿದ್ದೇವೆ. ಓದಿದವರು ಮನೆಯ ಹಿರಿಯರಿಗೂ ಓದಿ ಹೇಳಬೇಕೆಂದು ಕೋರುತ್ತೇವೆ.