ಸಂಶೋಧನೆಗೊಂದು ವೆಬ್ ಸಾಧನ: ಬಳಕೆಯಲ್ಲಿ ಉಳಿಯಲು ಹನ್ನೊಂದು ಸೂತ್ರಗಳು

ವಿಶ್ವವಿದ್ಯಾಲಯದ ಸಂಶೋಧನಾ ಯೋಜನೆಯೊಂದಕ್ಕೆ ಅನುದಾನ ಮಂಜೂರಾಗುತ್ತದೆ. ಮೂರು ವರ್ಷದ ಅವಧಿ, ನಾಲ್ಕು ಕೇಂದ್ರ, ಹತ್ತಾರು ಜನ. ಮೊದಲ ಕೆಲವು ತಿಂಗಳು ಎಲ್ಲವೂ ಎಕ್ಸೆಲ್ ಶೀಟು, ವಾಟ್ಸ್ಯಾಪ್ ಗ್ರೂಪು ಮತ್ತು ಪ್ರಧಾನ ಸಂಶೋಧಕರ ನೆನಪಿನ ಮೇಲೆ ನಡೆಯುತ್ತದೆ. ಆಮೇಲೆ ಯಾರೋ ಒಬ್ಬರು 'ಇದಕ್ಕೊಂದು ಪೋರ್ಟಲ್ ಮಾಡಿಬಿಡೋಣ' ಅನ್ನುತ್ತಾರೆ. ಪೋರ್ಟಲ್ ಬರುತ್ತದೆ, ಲೋಗೊ ಬರುತ್ತದೆ, ಉದ್ಘಾಟನೆಯ ಫೋಟೊವೂ ಬರುತ್ತದೆ. ಡೇಟಾ ಮಾತ್ರ ಬರುವುದಿಲ್ಲ.

ಇಂಥ ಸಾಧನ ಕಟ್ಟಲು ಹೊರಟವರಿಗೆ ಇಲ್ಲಿ ಕೆಲವು ಸೂತ್ರಗಳಿವೆ. ಅವರು ವೃತ್ತಿಯಿಂದಲೇ ಡೆವಲಪರ್ ಆಗಿರಬಹುದು, ಪಿಎಚ್.ಡಿ. ನಡುವೆ ಬಿಡುವು ಮಾಡಿಕೊಂಡು ಪೈಥಾನ್ ಕಲಿತವರೂ ಆಗಿರಬಹುದು. ಮೊದಲ ಸೂತ್ರ ಉಳಿದೆಲ್ಲಕ್ಕಿಂತ ದೊಡ್ಡದು. ಪುರಸೊತ್ತಿಲ್ಲದವರು ಅದೊಂದನ್ನು ಓದಿದರೂ ಸಾಕು.

1. ತುಂಬುವವರಿಗೆ ಏನು ಸಿಗುತ್ತದೆ ಎಂದು ಮೊದಲು ಕೇಳಿ

ಗುಂಪಿನಲ್ಲಿ ಬಳಸುವ ತಂತ್ರಾಂಶಗಳು ಯಾಕೆ ಸೋಲುತ್ತವೆ ಎಂದು ಅಮೆರಿಕದ ಸಂಶೋಧಕ ಜೊನಾಥನ್ ಗ್ರುಡಿನ್ 1988ರಲ್ಲೇ ಒಂದು ಪ್ರಬಂಧ ಬರೆದರು. ಅವರು ಕೊಟ್ಟ ಕಾರಣಗಳಲ್ಲಿ ಮುಖ್ಯವಾದದ್ದು ಇದು: ದುಡಿಯುವವರು ಒಬ್ಬರು, ಅದರ ಲಾಭ ಇನ್ನೊಬ್ಬರಿಗೆ. ಕಂಪ್ಯೂಟರ್ ಕ್ಯಾಲೆಂಡರನ್ನು ಅವರು ಉದಾಹರಣೆಯಾಗಿ ಕೊಟ್ಟರು. ಸಭೆ ಕರೆಯುವ ಮೇಲಧಿಕಾರಿಗೆ ಅದರಿಂದ ಅನುಕೂಲ. ಆ ಅನುಕೂಲಕ್ಕಾಗಿ ತಮ್ಮ ದಿನಚರಿಯನ್ನೆಲ್ಲ ಕೂತು ತುಂಬುವ ಕಷ್ಟ ಕೈಕೆಳಗಿನವರಿಗೆ. ಅವರು ತುಂಬುವುದಿಲ್ಲ, ಕ್ಯಾಲೆಂಡರ್ ಸಾಯುತ್ತದೆ.

ನಮ್ಮ ಕೃಷಿ ವಿಶ್ವವಿದ್ಯಾಲಯದ ಭತ್ತದ ಪ್ರಯೋಗವೊಂದನ್ನು ತೆಗೆದುಕೊಳ್ಳಿ. ಪ್ರತಿ ತಾಕಿನಲ್ಲಿ ಗಿಡದ ಎತ್ತರ, ತೆಂಡೆಗಳ ಸಂಖ್ಯೆ, ರೋಗದ ಪ್ರಮಾಣ ಬರೆದುಕೊಳ್ಳುವುದು ಕ್ಷೇತ್ರ ಸಹಾಯಕರ ಕೆಲಸ. ಅವರು ಈಗಾಗಲೇ ನೋಟ್‌ಬುಕ್ಕಿನಲ್ಲಿ ಬರೆಯುತ್ತಾರೆ. ನಿಮ್ಮ ಸಾಧನ ಬಂದ ಮೇಲೆ ಸಂಜೆ ಕೂತು ಅದನ್ನೇ ಮತ್ತೆ ಟೈಪು ಮಾಡಬೇಕು. ಡ್ಯಾಶ್‌ಬೋರ್ಡಿನ ಬಣ್ಣದ ಗ್ರಾಫು ಕಾಣುವುದು ಮುಖ್ಯ ಕಚೇರಿಯಲ್ಲಿ. ಇದರಲ್ಲಿ ಸಹಾಯಕರಿಗೆ ಸಿಕ್ಕಿದ್ದೇನು?

ಏನಾದರೂ ಸಿಗುವಂತೆ ಮಾಡಿ. ನಾಳೆ ಯಾವ ತಾಕುಗಳಿಗೆ ಹೋಗಬೇಕು ಎಂಬ ಪಟ್ಟಿ ಬೆಳಿಗ್ಗೆಯೇ ಫೋನಿನಲ್ಲಿ ಬರಲಿ. ಭೇಟಿಯ ದಿನಾಂಕಗಳಿಂದ ಟಿಎ ಬಿಲ್ಲಿನ ಕರಡು ತಾನಾಗಿ ತಯಾರಾಗಲಿ. ಜೆಆರ್‌ಎಫ್ ವಿದ್ಯಾರ್ಥಿಗೆ ಅರ್ಧವಾರ್ಷಿಕ ವರದಿಯ ಕೋಷ್ಟಕಗಳು ಒಂದು ಗುಂಡಿಗೆ ಸಿಗಲಿ. ಇಷ್ಟಾದರೆ ಸುತ್ತೋಲೆ ಹೊರಡಿಸಬೇಕಾಗಿಲ್ಲ. ಡೇಟಾ ತುಂಬಿ ಎಂದು ಸುತ್ತೋಲೆ ಹೊರಡಿಸಬೇಕಾಗಿ ಬಂದ ಸಾಧನ ಆಗಲೇ ಅರ್ಧ ಸೋತಿರುತ್ತದೆ ಎಂದು ನಾನು ತಿಳಿದಿದ್ದೇನೆ.

2. ದೂರವಾಣಿ ಡೈರೆಕ್ಟರಿಯಷ್ಟು ಸಣ್ಣದರಿಂದ ಶುರುಮಾಡಿ

ವೆಬ್ ಹುಟ್ಟಿದ್ದೇ ಸಂಶೋಧನೆಯ ನಿರ್ವಹಣೆಗಾಗಿ ಎಂಬುದು ಅನೇಕರಿಗೆ ನೆನಪಿರುವುದಿಲ್ಲ. ಜಿನೀವಾ ಬಳಿಯ ಸರ್ನ್ ಪ್ರಯೋಗಾಲಯಕ್ಕೆ ಜನ ಬರುತ್ತಿದ್ದರು, ಎರಡು ವರ್ಷ ಇದ್ದು ಹೋಗುತ್ತಿದ್ದರು, ಅವರ ಜೊತೆಗೇ ಮಾಹಿತಿಯೂ ಹೋಗುತ್ತಿತ್ತು. 1989ರ ಮಾರ್ಚ್‌ನಲ್ಲಿ ಟಿಮ್ ಬರ್ನರ್ಸ್-ಲೀ ಬರೆದುಕೊಟ್ಟ ಪ್ರಸ್ತಾವದ ಮೂಲ ದೂರು ಇದೇ. ಅವರ ಮೇಲಧಿಕಾರಿ ಮೈಕ್ ಸೆಂಡಲ್, ಅಸ್ಪಷ್ಟವಾದರೂ ಹುರುಪು ಹುಟ್ಟಿಸುವಂತಿದೆ ಎಂಬರ್ಥದ ಷರಾ ಬರೆದು ಸುಮ್ಮನಾದರು. ಅಂಥ ಮೇಲಧಿಕಾರಿ ಸಿಕ್ಕಿದರೆ ಪುಣ್ಯ.

ಹಾಗಾದರೆ ಸರ್ನ್‌ನ ಜನರನ್ನು ವೆಬ್ಬಿಗೆ ಎಳೆದು ತಂದದ್ದು ಏನು? ಕಣಭೌತಶಾಸ್ತ್ರವಲ್ಲ, ಸಂಸ್ಥೆಯ ದೂರವಾಣಿ ಡೈರೆಕ್ಟರಿ. ದಿನಕ್ಕೆ ಹತ್ತು ಸಲ ಬೇಕಾಗುವ ವಸ್ತು ಅದು. 1991ರ ಡಿಸೆಂಬರಿನಲ್ಲಿ ಅಮೆರಿಕದ ಮೊದಲ ವೆಬ್ ಸರ್ವರ್ ಸ್ಟ್ಯಾನ್‌ಫರ್ಡ್‌ನ ಸ್ಲ್ಯಾಕ್ ಪ್ರಯೋಗಾಲಯದಲ್ಲಿ ಶುರುವಾದದ್ದು ಭೌತವಿಜ್ಞಾನದ ಪ್ರಬಂಧಗಳನ್ನು ಹುಡುಕುವ ಸೌಲಭ್ಯ ಕೊಡುವುದಕ್ಕೆ. ಒಂದೇ ಕೆಲಸ, ಆದರೆ ಎಲ್ಲರಿಗೂ ಬೇಕಾದ ಕೆಲಸ. ನಿಮ್ಮ ಗುಂಪಿನಲ್ಲಿ ಅಂಥದ್ದು ಯಾವುದು? ಉಪಕರಣದ ಬುಕಿಂಗ್ ಇರಬಹುದು, ಫ್ರೀಜರಿನಲ್ಲಿರುವ ಮಾದರಿಗಳ ಪಟ್ಟಿ ಇರಬಹುದು. ಮೊದಲು ಅದೊಂದನ್ನು ಮಾಡಿ, ಹದಿನಾಲ್ಕು ಮೆನುಗಳನ್ನು ಆಮೇಲೆ ನೋಡಿಕೊಳ್ಳೋಣ.

3. ಇರುವುದನ್ನು ನೋಡಿ, ಇಲ್ಲದ್ದನ್ನು ಮಾತ್ರ ಕಟ್ಟಿ

ವೈದ್ಯಕೀಯ ಅಧ್ಯಯನದ ಡೇಟಾ ಸಂಗ್ರಹಕ್ಕೆ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದ ರೆಡ್‌ಕ್ಯಾಪ್ 2004ರಿಂದ ಇದೆ. ಉಲ್ಲೇಖಗಳನ್ನು ಜೋಡಿಸಲು ಜಾರ್ಜ್ ಮೇಸನ್ ವಿಶ್ವವಿದ್ಯಾಲಯದ ಇತಿಹಾಸ ಕೇಂದ್ರ 2006ರಲ್ಲಿ ಹೊರತಂದ ಝೊಟೆರೊ ಇದೆ. ಕೆಲಸಗಳ ಪಟ್ಟಿ, ಗಡುವು, ಯಾರಿಗೆ ಯಾವ ಕೆಲಸ ಎಂಬುದಕ್ಕೆ ರೆಡ್‌ಮೈನ್ ಇದೆ, ಅದೂ 2006ರದ್ದೇ. ಇವನ್ನು ಮತ್ತೊಮ್ಮೆ ಬರೆಯುವುದರಿಂದ ಯಾರಿಗೂ ಲಾಭವಿಲ್ಲ, ಬರೆದವರ ರೆಸ್ಯೂಮೆಯನ್ನು ಬಿಟ್ಟರೆ. ಸಾಮಾನ್ಯವಾಗಿ ಕೊರತೆ ಇರುವುದು ಇವುಗಳ ನಡುವಿನ ಸೇತುವೆಯಲ್ಲಿ. ನಿಮ್ಮ ಕೋಡು ಅಲ್ಲಿ ಬೇಕು.

4. ಎಕ್ಸೆಲ್ಲನ್ನು ಬೈಯಬೇಡಿ, ಅದರ ಚಾಳಿಗಳನ್ನು ತಿಳಿದುಕೊಳ್ಳಿ

ಎಕ್ಸೆಲ್ ಊಹೆ ಮಾಡುತ್ತದೆ, ಅದೇ ಅದರ ದೋಷ. 'ಮಾರ್ಚ್1' ಎಂಬ ಹೆಸರಿನ ವಂಶವಾಹಿಯನ್ನು ಟೈಪು ಮಾಡಿದರೆ ಅದು ಮಾರ್ಚ್ ಒಂದನೇ ತಾರೀಖು ಎಂದುಕೊಳ್ಳುತ್ತದೆ. ಎಕ್ಸೆಲ್‌ನಲ್ಲಿ ವಂಶವಾಹಿಗಳ ಪಟ್ಟಿ ಲಗತ್ತಿಸಿದ್ದ ಪ್ರಬಂಧಗಳಲ್ಲಿ ಸುಮಾರು ಐದರಲ್ಲೊಂದರಲ್ಲಿ ಇಂಥ ತಪ್ಪಿತ್ತು ಎಂದು 2016ರ ಅಧ್ಯಯನವೊಂದು ತೋರಿಸಿತು. ಕೊನೆಗೆ ಬದಲಾದದ್ದು ವಂಶವಾಹಿಗಳ ಹೆಸರೇ. ಮಾನವ ವಂಶವಾಹಿಗಳ ನಾಮಕರಣ ಸಮಿತಿ 2020ರಲ್ಲಿ 'ಮಾರ್ಚ್1' ಅನ್ನು 'ಮಾರ್ಚ್‌ಎಫ್1' ಮಾಡಿತು, 'ಸೆಪ್ಟ್1' ಅನ್ನು 'ಸೆಪ್ಟಿನ್1' ಮಾಡಿತು.

ಅದೇ ವರ್ಷ ಇಂಗ್ಲೆಂಡಿನಲ್ಲಿ ಇನ್ನೊಂದು ಪ್ರಕರಣ. ಕೋವಿಡ್ ಪರೀಕ್ಷೆಯ ಫಲಿತಾಂಶಗಳನ್ನು ಹಳೆಯ ಎಕ್ಸೆಲ್ ಮಾದರಿಯ ಫೈಲಿಗೆ ಹಾಕುತ್ತಿದ್ದರು. ಅದರಲ್ಲಿ ಹಿಡಿಸುವುದು 65,536 ಸಾಲು ಮಾತ್ರ. ಹೆಚ್ಚಿನವು ಸದ್ದಿಲ್ಲದೆ ಉದುರಿಹೋಗಿ, 15,841 ಪ್ರಕರಣಗಳು ದಿನದ ಲೆಕ್ಕಕ್ಕೆ ಸೇರದೆ ಉಳಿದವು.

ಹಾಗೆಂದು ಎಕ್ಸೆಲ್ಲನ್ನು ನಿಷೇಧಿಸಹೋದರೆ ಜನ ಕದ್ದು ಬಳಸುತ್ತಾರೆ. ಬದಲಿಗೆ ಅದರಿಂದ ಡೇಟಾ ಒಳಗೆ ತರಲು, ಅದಕ್ಕೆ ಹೊರಗೆ ಕಳಿಸಲು ಸಲೀಸಾದ ದಾರಿ ಕೊಡಿ. ಒಳಗೆ ಬರುವಾಗ ಪ್ರತಿ ಕಾಲಮ್ಮಿನ ಬಗೆ ಯಾವುದು ಎಂದು ನೀವೇ ಘೋಷಿಸಿ. ಫೈಲಿನಲ್ಲಿ ಎಷ್ಟು ಸಾಲು ಇತ್ತು, ಎಷ್ಟು ಸೇರಿತು, ಎಷ್ಟು ಬಿದ್ದುಹೋಯಿತು, ಯಾಕೆ ಎಂದು ಪರದೆಯ ಮೇಲೆ ತೋರಿಸಿ. ದಿನಾಂಕ 03/04/2024 ಎಂದಿದ್ದರೆ ಅದು ಏಪ್ರಿಲ್ಲೋ ಮಾರ್ಚೋ ಯಾರಿಗೂ ತಿಳಿಯುವುದಿಲ್ಲ. 2024-04-03 ಎಂದು ಉಳಿಸಿ, ತೋರಿಸುವಾಗ ಬೇಕಾದಂತೆ ತೋರಿಸಿ.

5. ನೆಟ್‌ವರ್ಕ್ ಇಲ್ಲ ಎಂದೇ ಇಟ್ಟುಕೊಳ್ಳಿ

ಆಗುಂಬೆಯ ಮಳೆಗಾಲದಲ್ಲಿ ಕಪ್ಪೆಗಳ ಸಮೀಕ್ಷೆ ಮಾಡುವವರಿಗೆ ಸುತ್ತುವ ಚಕ್ರ ತೋರಿಸಿ ಪ್ರಯೋಜನವಿಲ್ಲ. ಫಾರಂ ಫೋನಿನಲ್ಲೇ ಉಳಿದು ಸಿಗ್ನಲ್ ಸಿಕ್ಕಾಗ ಹೋಗಬೇಕು. ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಒಡಿಕೆ ಎಂಬ ತಂತ್ರಾಂಶ ಈ ಕೆಲಸವನ್ನು ವರ್ಷಗಳಿಂದ ಮಾಡುತ್ತಿದೆ. ಒಂದೇ ದಾಖಲೆಯನ್ನು ಇಬ್ಬರು ಬೇರೆ ಬೇರೆ ಕಡೆ ತಿದ್ದಿದರೆ ಯಾರದ್ದು ಉಳಿಯಬೇಕು ಎಂಬುದನ್ನು ಮಾತ್ರ ಮೊದಲೇ ತೀರ್ಮಾನಿಸಿ. ಕೊನೆಗೆ ಬಂದದ್ದು ಗೆಲ್ಲಲಿ ಎಂದು ಬಿಟ್ಟರೆ ಒಂದು ದಿನ ಯಾರದೋ ವಾರದ ಕೆಲಸ ಅಳಿಸಿಹೋಗುತ್ತದೆ.

6. ಹೆಸರನ್ನು ನಂಬಬೇಡಿ, ಗುರುತಿನ ಸಂಖ್ಯೆ ಕೊಡಿ

'ಲಾಸ್ಟ್ ನೇಮ್ ಕಡ್ಡಾಯ' ಎಂಬ ಕೆಂಪು ಅಕ್ಷರದ ಎದುರು ಎಷ್ಟು ಕನ್ನಡಿಗರು ಚುಕ್ಕೆ ಹಾಕಿ ಮುಂದೆ ಹೋಗಿದ್ದಾರೋ! ಊರಿನ ಹೆಸರು, ತಂದೆಯ ಹೆಸರು ಇನಿಷಿಯಲ್ಲಾಗಿ ಮುಂದೆಯೋ ಹಿಂದೆಯೋ ಇರುವ ನಾಡು ನಮ್ಮದು. ಹೆಸರಿಗೆ ಒಂದೇ ಖಾನೆ ಸಾಕು. ಸಂಶೋಧಕರನ್ನು ಗುರುತಿಸಲು 2012ರಿಂದ ಓರ್ಕಿಡ್ ಎಂಬ 16 ಸ್ಥಾನಗಳ ಸಂಖ್ಯೆ ಇದೆ, ಅದನ್ನು ಬಳಸಿ. ಆಧಾರ್ ಸಂಖ್ಯೆ ಕೇಳುವ ಆಸೆ ಬೇಡವೇ ಬೇಡ.

ಮಾದರಿಗಳ ಸಂಖ್ಯೆಯಲ್ಲಿ ಅರ್ಥ ತುರುಕುವ ಚಟವೂ ಅಪಾಯದ್ದು. ಜಿಲ್ಲೆ, ವರ್ಷ, ತಳಿ ಎಲ್ಲವನ್ನೂ ಸೇರಿಸಿ ಸಂಖ್ಯೆ ಮಾಡಿದರೆ ಜಿಲ್ಲೆ ಎರಡಾದ ದಿನ ಏನು ಮಾಡುತ್ತೀರಿ? ವಿಜಯನಗರ ಬಳ್ಳಾರಿಯಿಂದ ಬೇರೆಯಾದದ್ದು ಮೊನ್ನೆ ಮೊನ್ನೆ, 2021ರಲ್ಲಿ.

7. ಕನ್ನಡವನ್ನು ಕೊನೆಗೆ ಬಿಡಬೇಡಿ

ಹಳ್ಳಿಯ ಸಮೀಕ್ಷೆ ಎಂದ ಮೇಲೆ ಊರು, ಬೆಳೆ, ರೋಗದ ಹೆಸರುಗಳು ಕನ್ನಡದಲ್ಲಿ ಬರುತ್ತವೆ. ಇಲ್ಲಿ ಮೂರು ಹಳ್ಳಗಳಿವೆ. ನುಡಿ, ಬರಹದ ಹಳೆಯ ಫಾಂಟುಗಳಲ್ಲಿ ಟೈಪಾದ ಕಡತಗಳು ನೋಡಲು ಕನ್ನಡವಾದರೂ ಒಳಗೆ ಇಂಗ್ಲಿಷ್ ಸಂಕೇತಗಳೇ. ಅವನ್ನು ಯೂನಿಕೋಡಿಗೆ ಪರಿವರ್ತಿಸದೆ ಒಳಗೆ ಬಿಡಬೇಡಿ. ಎರಡನೆಯದು, 'ಕೊಪ್ಪ' ಎಂಬಲ್ಲಿರುವ ಒತ್ವವನ್ನು ಯೂನಿಕೋಡ್ ಒಂದೇ ಸಂಕೇತವಾಗಿಯೂ ಇಡಬಲ್ಲದು, ಎತ್ವ ಮತ್ತು ಕೊಂಬಿನ ದೀರ್ಘ ಎಂಬ ಎರಡು ಸಂಕೇತವಾಗಿಯೂ ಇಡಬಲ್ಲದು. ಕಣ್ಣಿಗೆ ಎರಡೂ ಒಂದೇ. ಹುಡುಕಾಟಕ್ಕೆ ಎರಡು ಬೇರೆ ಊರು. ಉಳಿಸುವ ಮುನ್ನ ಯೂನಿಕೋಡಿನ ಎನ್‌ಎಫ್‌ಸಿ ರೂಪಕ್ಕೆ ತಂದರೆ ಇದು ಬಗೆಹರಿಯುತ್ತದೆ. ಮೂರನೆಯದು, 'ರಾಜ್‌ಕುಮಾರ್' ಎಂದು ಬರೆಯುವಾಗ ನಡುವೆ ಬರುವ ಕಾಣದ ಅಕ್ಷರ. ಹುಡುಕುವಾಗ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ.

8. ಗ್ಯಾಂಟ್ ಚಾರ್ಟಿಗಿಂತ ಮೊದಲು ಯುಸಿ

ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಎಂದರೆ ಎಲ್ಲರೂ ಬಣ್ಣದ ಪಟ್ಟಿಗಳ ಗ್ಯಾಂಟ್ ಚಾರ್ಟ್ ಬಿಡಿಸುತ್ತಾರೆ. ಭಾರತದಲ್ಲಿ ಕೇಂದ್ರ ಸರ್ಕಾರದ ಅನುದಾನ ಪಡೆದ ಯೋಜನೆಯ ನಿಜವಾದ ಗಡಿಯಾರ ಮಾರ್ಚ್ 31. ಬಳಕೆ ಪ್ರಮಾಣಪತ್ರ, ಅಂದರೆ ಯುಸಿ, 2017ರ ಸಾಮಾನ್ಯ ಹಣಕಾಸು ನಿಯಮಗಳ 12-ಎ ನಮೂನೆಯಲ್ಲಿ ಹೋಗಬೇಕು. ಅದು ತಡವಾದರೆ ಮುಂದಿನ ಕಂತು ತಡ, ಕಂತು ತಡವಾದರೆ ಫೆಲೋಶಿಪ್ಪೂ ತಡ.

ಆದ್ದರಿಂದ ಪ್ರತಿ ಖರ್ಚೂ ಆಯಾ ಶೀರ್ಷಿಕೆಯ ಅಡಿಯಲ್ಲೇ ದಾಖಲಾಗಲಿ: ಸಿಬ್ಬಂದಿ, ಬಳಕೆ ಸಾಮಗ್ರಿ, ಪ್ರಯಾಣ, ಉಪಕರಣ, ಸಾದಿಲ್ವಾರು. ಖರ್ಚಾದದ್ದು ಒಂದು ಕಾಲಮ್ಮು, ಆರ್ಡರ್ ಕೊಟ್ಟು ಬಿಲ್ಲು ಬರದೆ ಇರುವುದು ಇನ್ನೊಂದು ಕಾಲಮ್ಮು. ಈ ಎರಡನೆಯದು ಇಲ್ಲದ್ದಕ್ಕೇ ಫೆಬ್ರವರಿಯಲ್ಲಿ ಹಣ ಉಳಿದಂತೆ ಕಂಡು ಮಾರ್ಚ್‌ನಲ್ಲಿ ಮಾಯವಾಗುತ್ತದೆ. ಅನುದಾನದ ಮೇಲೆ ಬಂದ ಬ್ಯಾಂಕ್ ಬಡ್ಡಿಗೂ ಲೆಕ್ಕ ಕೊಡಬೇಕು, ಅದಕ್ಕೂ ಒಂದು ಖಾನೆ ಇರಲಿ. ಈ ಒಂದು ಪುಟ ಚೆನ್ನಾಗಿ ಕೆಲಸ ಮಾಡಿದರೆ ಲೆಕ್ಕಪತ್ರ ವಿಭಾಗದ ಗುಮಾಸ್ತರು ನಿಮ್ಮ ಸಾಧನದ ಮೊದಲ ಪ್ರಚಾರಕರಾಗುತ್ತಾರೆ.

9. ಐದು ಜನರ ಪಕ್ಕ ಕೂತು ನೋಡಿ

ಐದೇ ಬಳಕೆದಾರರನ್ನು ಗಮನಿಸಿದರೆ ಬಳಕೆಯ ತೊಡಕುಗಳಲ್ಲಿ ಬಹುಪಾಲು ಹೊರಬೀಳುತ್ತವೆ ಎಂದು ಜೇಕಬ್ ನೀಲ್ಸನ್ 2000ದಲ್ಲಿ ವಾದಿಸಿದರು. ನೀವು ಬಾಯಿಮುಚ್ಚಿ ಕೂರಬೇಕು, ಅಷ್ಟೇ ಷರತ್ತು. ಉದ್ಘಾಟನೆ ಮುಗಿಸಿ ಬಳಕೆದಾರರ ಅಭಿಪ್ರಾಯ ಕೇಳುವುದು ಲಗ್ನಪತ್ರಿಕೆ ಹಂಚಿದ ಮೇಲೆ ಜಾತಕ ಕೇಳಿದ ಹಾಗೆ.

ಹೀಗೆ ಸಿಕ್ಕ ತೊಡಕುಗಳನ್ನು ತಿದ್ದುವುದರಲ್ಲಿ ಕೆಲಸ ತಡವಾಯಿತೆಂದು ಹೊಸಬರನ್ನು ಸೇರಿಸಲೂ ಹೋಗಬೇಡಿ. ಐಬಿಎಮ್ಮಿನ ಒಎಸ್/360 ಯೋಜನೆ ನಡೆಸಿದ ಫ್ರೆಡ್ ಬ್ರೂಕ್ಸ್ 1975ರಲ್ಲೇ ಹೇಳಿದ್ದಾರೆ: ಅದರಿಂದ ತಡವಾದದ್ದು ಇನ್ನಷ್ಟು ತಡವಾಗುತ್ತದೆ.

10. ಬ್ಯಾಕಪ್ ಇದೆ ಅನ್ನಬೇಡಿ, ವಾಪಸ್ ತಂದು ತೋರಿಸಿ

2017ರ ಜನವರಿ 31ರ ರಾತ್ರಿ ಗಿಟ್‌ಲ್ಯಾಬ್ ಕಂಪನಿಯ ಎಂಜಿನಿಯರೊಬ್ಬರು ನಕಲು ಇಟ್ಟಿದ್ದ ಸರ್ವರ್ ಎಂದುಕೊಂಡು ಮೂಲ ಸರ್ವರಿನ ಡೇಟಾಬೇಸ್ ಫೋಲ್ಡರನ್ನೇ ಅಳಿಸಿದರು. ತಿಳಿದು ನಿಲ್ಲಿಸುವ ಹೊತ್ತಿಗೆ ಸುಮಾರು 300 ಜಿಬಿಯಲ್ಲಿ 4.5 ಜಿಬಿ ಉಳಿದಿತ್ತು. ಬ್ಯಾಕಪ್ಪಿಗೆಂದು ಐದು ವ್ಯವಸ್ಥೆಗಳಿದ್ದವು; ಒಂದೂ ನೆಟ್ಟಗೆ ಕೈಗೆ ಬರಲಿಲ್ಲ. ಪರೀಕ್ಷೆಗೆಂದು ಆರು ಗಂಟೆ ಮುಂಚೆ ಯಾರೋ ತೆಗೆದಿಟ್ಟಿದ್ದ ಒಂದು ಪ್ರತಿ ಅವರನ್ನು ಕಾಪಾಡಿತು. ಆ ಆರು ಗಂಟೆಯ ಡೇಟಾ ಮಾತ್ರ ಹೋಯಿತು. ಕಂಪನಿ ಇದನ್ನೆಲ್ಲ ಮುಚ್ಚಿಡದೆ ಪ್ರಕಟಿಸಿತು, ದುರಸ್ತಿಯನ್ನು ಯೂಟ್ಯೂಬಿನಲ್ಲಿ ನೇರಪ್ರಸಾರವೂ ಮಾಡಿತು.

ತಂತ್ರಾಂಶವನ್ನೇ ಮಾರುವ ಕಂಪನಿಯ ಕಥೆ ಹೀಗಾದರೆ ವಿಭಾಗದ ಮೂಲೆಯಲ್ಲಿ ಯುಪಿಎಸ್ ಇಲ್ಲದೆ ನಿಂತ ಕಂಪ್ಯೂಟರಿನ ಗತಿ? ತಿಂಗಳಿಗೊಮ್ಮೆ ಬ್ಯಾಕಪ್ಪನ್ನು ಬೇರೆ ಯಂತ್ರದಲ್ಲಿ ಬಿಚ್ಚಿ, ಸಾಲುಗಳನ್ನು ಎಣಿಸಿ, ಎಣಿಸಿದವರ ಸಹಿ ಹಾಕಿಸಿ.

ಡೇಟಾ ಕಾಪಾಡುವುದರ ಇನ್ನೊಂದು ಮುಖ ಗೋಪ್ಯತೆ. ರೋಗಿಗಳ, ರೈತರ ವೈಯಕ್ತಿಕ ವಿವರ ಇದ್ದರೆ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯನ್ನು ಓದಿಕೊಳ್ಳಿ. ಸಂಶೋಧನೆಗೆ ಅದರಲ್ಲಿ ವಿನಾಯಿತಿ ಇದೆ, ಷರತ್ತುಗಳೊಂದಿಗೆ. ಹೆಸರು, ಫೋನ್ ನಂಬರು ಒಂದು ಕೋಷ್ಟಕದಲ್ಲಿ, ಅಳತೆಗಳು ಇನ್ನೊಂದರಲ್ಲಿ ಇರಲಿ. ಬ್ಯಾಕಪ್ ಪ್ರತಿಗೂ ಇದೇ ನಿಯಮ.

11. ನೀವು ಬಿಟ್ಟುಹೋಗುವ ದಿನಕ್ಕೆ ಇಂದೇ ಸಿದ್ಧರಾಗಿ

ಕೋಡು ಬರೆದ ವಿದ್ಯಾರ್ಥಿಗೆ ಕೆಲಸ ಸಿಗುತ್ತದೆ, ಸಿಗಲೇಬೇಕು. ಆಮೇಲೆ ಬರುವವರಿಗೆ ಓದಲು ಬರುವಂಥ ಹಳೆಯ, ಬೇಸರದ ತಂತ್ರಜ್ಞಾನವನ್ನೇ ಆರಿಸಿ. ಪೋಸ್ಟ್‌ಗ್ರೆಸ್ ಡೇಟಾಬೇಸಿನ ಬೇರು 1986ರ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿದೆ. ಕ್ಯಾನ್ಸಸ್‌ನ ಪತ್ರಿಕಾ ಕಚೇರಿಯೊಂದರಲ್ಲಿ ಹುಟ್ಟಿದ ಜ್ಯಾಂಗೊ ಎಂಬ ವೆಬ್ ಫ್ರೇಮ್‌ವರ್ಕ್ 2005ರಿಂದ ಎಲ್ಲರಿಗೂ ಸಿಗುತ್ತಿದೆ. ಇವುಗಳ ಬಗ್ಗೆ ಕೇಳಿದರೆ ಉತ್ತರ ಹೇಳುವವರು ಎಲ್ಲ ಊರಲ್ಲೂ ಇದ್ದಾರೆ. ಕಳೆದ ತಿಂಗಳು ಬಂದ ಫ್ರೇಮ್‌ವರ್ಕಿಗೆ ಆ ಭಾಗ್ಯವಿಲ್ಲ.

ಸಾಧನವನ್ನು ಖಾಲಿ ಯಂತ್ರದಲ್ಲಿ ಮೊದಲಿನಿಂದ ಸ್ಥಾಪಿಸುವುದು ಹೇಗೆಂದು ಎರಡು ಪುಟ ಬರೆದಿಡಿ. ಅದನ್ನು ಬರೆಯದವರ ಕೈಯಲ್ಲಿ ಮಾಡಿಸಿ ನೋಡಿ. ಪ್ರತಿ ಕಾಲಮ್ಮಿನ ಅರ್ಥ, ಅಳತೆಯ ಮಾನ ಒಂದು ಪಟ್ಟಿಯಲ್ಲಿರಲಿ: ಎತ್ತರ ಸೆಂಟಿಮೀಟರೋ ಇಂಚೋ? ಯೋಜನೆ ಮುಗಿದಾಗ ಎಲ್ಲ ಕೋಷ್ಟಕಗಳನ್ನೂ ಸಾದಾ ಸಿಎಸ್‌ವಿ ಫೈಲುಗಳಾಗಿ ಹೊರತೆಗೆದು, ಆ ಪಟ್ಟಿಯ ಜೊತೆ ಝೆನೋಡೊದಂಥ ಭಂಡಾರದಲ್ಲಿಟ್ಟು ಡಿಒಐ ಪಡೆಯಿರಿ. ಸರ್ವರ್ ಬಾಡಿಗೆಯನ್ನು ಅನುದಾನದ ಅವಧಿ ಮುಗಿದ ನಂತರದ ಒಂದೆರಡು ವರ್ಷಕ್ಕೂ ಯಾರು ಕೊಡುತ್ತಾರೆ ಎಂದು ಈಗಲೇ ಬರಹದಲ್ಲಿ ಕೇಳಿ. ಡೊಮೈನ್ ಹೆಸರನ್ನು ವಿದ್ಯಾರ್ಥಿಯ ಸ್ವಂತ ಜಿಮೇಲ್ ಖಾತೆಗೆ ಕಟ್ಟಬೇಡಿ, ಸಂಸ್ಥೆಯ ವಿಳಾಸದಲ್ಲೇ ನೋಂದಾಯಿಸಿ. ಪಾಸ್‌ವರ್ಡು ಕನಿಷ್ಠ ಇಬ್ಬರಿಗೆ ಗೊತ್ತಿರಲಿ.